ಹಡಗಿನಲ್ಲಿ ಇರುವಾಗಲೇ ಮುಂದಿನ ಯಾನಕ್ಕೆ ಮುಂಗಡ ಕಟ್ಟಬೇಕೇ? ಶನಿವಾರದೊಳಗೆ ತೀರ್ಮಾನಿಸಬೇಕಾಗಿದೆ

ಕುವೆಂಪುನಗರದ ಅಜ್ಜಿ (ಮಂಗಳವಾರ, ಜೂನೋ ಬಂದರಿನಿಂದ)

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ಮಗಳ ಮನೆ ಸಿಯಾಟಲ್ ಹತ್ತಿರ. ಮಗಳು, ಅಳಿಯ, ಮೊಮ್ಮಗ, ನಾನು, ನಮ್ಮ ಯಜಮಾನರು ಒಟ್ಟು ಐವರು ಭಾನುವಾರ ಅಲಾಸ್ಕಾ ಹಡಗು ಹತ್ತಿದ್ದೇವೆ. ಏಳು ರಾತ್ರಿಯ ಯಾನ. ನಿನ್ನೆ ಇಡೀ ದಿನ ಸಮುದ್ರದಲ್ಲೇ ಕಳೆಯಿತು. ಇಂದು ಜೂನೋ, ನಾಳೆ ಗ್ಲೇಷಿಯರ್ ಬೇ, ಆಮೇಲೆ ಸಿಟ್ಕಾ, ಕೆಚಿಕನ್, ಶನಿವಾರ ಸಂಜೆ ಕೆನಡಾದ ವಿಕ್ಟೋರಿಯಾ. ಭಾನುವಾರ ಬೆಳಿಗ್ಗೆ ಇಳಿಯಬೇಕು.

ಊಟದ ಸಾಲೆಗೆ ಹೋಗುವ ದಾರಿಯಲ್ಲಿ ಒಂದು ಮೇಜು ಹಾಕಿದ್ದಾರೆ. ಮುಂದಿನ ಯಾನವನ್ನು ಈಗಲೇ ಕಾದಿರಿಸಿ ಎಂಬ ಫಲಕ. ನಿನ್ನೆ ನಾನೂ ಮಗಳೂ ಹೋಗಿ ಕೇಳಿದೆವು. ತಲಾ 100 ಡಾಲರ್ ಕಟ್ಟಿದರೆ ಸಾಕು, ಎಲ್ಲಿಗೆ, ಯಾವಾಗ ಎಂಬುದನ್ನು ಎರಡು ವರ್ಷದೊಳಗೆ ಆರಿಸಿಕೊಳ್ಳಬಹುದು, ಆ ಯಾನದಲ್ಲಿ ಖರ್ಚಿಗೆಂದು ಒಂದಿಷ್ಟು ಹಣವನ್ನು ಕಂಪನಿಯೇ ನಮ್ಮ ಖಾತೆಗೆ ಹಾಕುತ್ತದೆ ಎಂದರು. ಈ ಸೌಲಭ್ಯ ಹಡಗಿನಲ್ಲಿ ಇರುವವರೆಗೆ ಮಾತ್ರ, ಇಳಿದ ಮೇಲೆ ಸಿಗುವುದಿಲ್ಲವಂತೆ.

ನನಗೆ ನಾರ್ವೆ ನೋಡುವ ಆಸೆ ಬಹಳ ವರ್ಷದಿಂದ ಇದೆ. ಯಜಮಾನರಿಗೆ 71, ನನಗೆ 66. ಅವರ ಬಲ ಮಂಡಿ ಮೆಟ್ಟಿಲು ಇಳಿಯುವಾಗ ಹಿಡಿಯುತ್ತದೆ. “ಎರಡು ವರ್ಷದ ಆಚೆಯ ಮಾತಿಗೆ ಈಗ ಏಕೆ ದುಡ್ಡು ಕಟ್ಟಬೇಕು” ಎನ್ನುತ್ತಾರೆ. ಮಗಳು ಕಟ್ಟಿಬಿಡಿ ಎನ್ನುತ್ತಾಳೆ. ಇದರಲ್ಲಿ ನಿಜವಾದ ಲಾಭ ಇದೆಯೇ, ಅಥವಾ ಊರಿಗೆ ಹೋಗಿ ನಿಧಾನವಾಗಿ ಕಾದಿರಿಸಿದರೂ ಅಷ್ಟೇ ಆಗುತ್ತದೆಯೇ? ಅನುಭವ ಇದ್ದವರು ದಯವಿಟ್ಟು ಹೇಳಿ.

ಸ್ಯಾನ್ ಹೋಸೆ ಕನ್ನಡಿಗ

ಅಮ್ಮ, ನಾವು ಒಂಬತ್ತು ಯಾನ ಮಾಡಿದ್ದೇವೆ, ಅದರಲ್ಲಿ ಆರನ್ನು ಹಡಗಿನಲ್ಲೇ ಕಾದಿರಿಸಿದ್ದೇವೆ. ಲಾಭ ಇದೆ. ಆದರೆ ಅದು ಎಲ್ಲಿದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು.

ಟಿಕೆಟ್ ದರ ಸಾಮಾನ್ಯವಾಗಿ ಹಡಗಿನಲ್ಲೂ ಅಷ್ಟೇ, ಮನೆಯಲ್ಲೂ ಅಷ್ಟೇ. ಅಲ್ಲಿ ಸಿಗುವುದು ಎರಡು. ಒಂದು, ಕಡಿಮೆ ಮುಂಗಡ. ಮನೆಯಿಂದ ಕಾದಿರಿಸಿದರೆ ಇನ್ನೂ ಹೆಚ್ಚು ಕಟ್ಟಬೇಕಾಗುತ್ತದೆ. ಎರಡು, ಆನ್‌ಬೋರ್ಡ್ ಕ್ರೆಡಿಟ್, ಅಂದರೆ ಮುಂದಿನ ಯಾನದಲ್ಲಿ ನಿಮ್ಮ ಕ್ಯಾಬಿನ್ ಖಾತೆಗೆ ಅವರು ಹಾಕುವ ಹಣ. ಇದನ್ನು ದಿನದ ಸೇವಾ ಶುಲ್ಕಕ್ಕೋ ದಡದ ಪ್ರವಾಸಕ್ಕೋ ಕಾಫಿಗೋ ಬಳಸಬಹುದು. ನಾವು ಪ್ರತಿ ಸಲವೂ ಸೇವಾ ಶುಲ್ಕಕ್ಕೇ ಹಾಕಿಸುತ್ತೇವೆ, ಏಕೆಂದರೆ ಅದು ಹೇಗೂ ತಪ್ಪದ ಖರ್ಚು. ಹೆಚ್ಚಿನ ಕಡೆ ಉಳಿದ ಕ್ರೆಡಿಟ್ಟನ್ನು ನಗದಾಗಿ ಕೊಡುವುದಿಲ್ಲ, ಯಾನ ಮುಗಿದರೆ ಅದೂ ಮುಗಿಯಿತು.

ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರಿಟ್ಟಿದೆ. ರಾಯಲ್ ಕೆರಿಬಿಯನ್‌ನಲ್ಲಿ ನೆಕ್ಸ್ಟ್‌ಕ್ರೂಸ್, ನಾರ್ವೇಜಿಯನ್‌ನಲ್ಲಿ ಕ್ರೂಸ್‌ನೆಕ್ಸ್ಟ್, ಪ್ರಿನ್ಸೆಸ್ ಮತ್ತು ಹಾಲೆಂಡ್ ಅಮೆರಿಕದಲ್ಲಿ ಫ್ಯೂಚರ್ ಕ್ರೂಸ್ ಡೆಪಾಸಿಟ್, ಡಿಸ್ನಿಯಲ್ಲಿ ಪ್ಲೇಸ್‌ಹೋಲ್ಡರ್. ಡಿಸ್ನಿಯವರು ಮಾತ್ರ ಟಿಕೆಟ್ ದರದಲ್ಲೇ ಶೇಕಡಾ 10 ರಿಯಾಯಿತಿ ಕೊಡುತ್ತಾರೆ, ಮಕ್ಕಳಿರುವವರಿಗೆ ಅದು ದೊಡ್ಡ ಮೊತ್ತ. ಹೆಸರು ಒಂದೇ ರೀತಿ ಕೇಳಿಸಿದರೂ ನಿಯಮ ಒಂದೇ ಅಲ್ಲ. ನೀವು ಹೇಳಿದ್ದು ಊರು, ದಿನಾಂಕ ಯಾವುದನ್ನೂ ಆರಿಸದೆ ಕಟ್ಟುವ ಮುಕ್ತ ಮುಂಗಡ. ನಾನಾಗಿದ್ದರೆ ಕಣ್ಣು ಮುಚ್ಚಿ ಕಟ್ಟುತ್ತಿದ್ದೆ.

ಬಸವನಗುಡಿ ಪ್ರವಾಸಿ

ಕಣ್ಣು ಮುಚ್ಚಿ ಕಟ್ಟಿದವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ಮೆಡಿಟರೇನಿಯನ್ ಯಾನದ ಕೊನೆಯ ರಾತ್ರಿ. ಮದುವೆಯ ಮೂವತ್ತನೆಯ ವರ್ಷ ಎಂದು ಹೊರಟಿದ್ದೆವು. ಊಟ ಮುಗಿಸಿ ಬಂದಾಗ ಆ ಮೇಜಿನ ಮುಂದೆ ಉದ್ದ ಸಾಲು. ನಾವೂ ನಿಂತೆವು. ಮುಂದಿನ ವರ್ಷದ ಒಂದು ಯಾನವನ್ನು ದಿನಾಂಕ, ಕ್ಯಾಬಿನ್ ಸಮೇತ ನಿಗದಿ ಮಾಡಿದೆವು. ದರ ಎರಡು ಬಗೆ ಇತ್ತು. ಕಡಿಮೆ ಇದ್ದದ್ದನ್ನು ಆರಿಸಿದೆ. ಅದು ಮುಂಗಡ ಹಿಂದಿರುಗಿಸದ ದರ ಎಂಬ ಸಾಲು ಕಾಗದದ ಎರಡನೇ ಪುಟದಲ್ಲಿತ್ತು. ಓದಲಿಲ್ಲ. ಮೇಜಿನ ಹಿಂದಿದ್ದವರು ಬಾಯಿಬಿಟ್ಟು ಹೇಳಲೂ ಇಲ್ಲ. ಐದು ತಿಂಗಳ ಮೇಲೆ ಮನೆಯವರಿಗೆ ಗರ್ಭಕೋಶದ ಶಸ್ತ್ರಚಿಕಿತ್ಸೆ ಆಯಿತು, ವೈದ್ಯರು ಪ್ರಯಾಣ ಬೇಡ ಎಂದರು. ಇಬ್ಬರದೂ ಸೇರಿ 500 ಡಾಲರ್ ಹೋಯಿತು. ದಿನಾಂಕ ಬದಲಿಸಿಕೊಡಿ ಎಂದು ಕೇಳಿದ್ದಕ್ಕೆ ತಲಾ ಇಷ್ಟು ಶುಲ್ಕ ಎಂದರು. ಕಂಪನಿಯ ಹೆಸರು ಬೇಡ. ನಿಯಮ ಕಾಗದದಲ್ಲಿ ಇತ್ತು ಎಂಬುದು ನಿಜ.

ಅಮ್ಮ, ನಿಮ್ಮನ್ನು ನಾನು ತಡೆಯುತ್ತಿಲ್ಲ. ‘ಹಿಂದಿರುಗಿಸುತ್ತೀರಾ’ ಎಂದು ಕೇಳಿ. ಬಾಯಿಮಾತಿನ ಉತ್ತರ ಬೇಡ, ಕಾಗದದಲ್ಲಿ ಆ ಸಾಲನ್ನು ಬೆರಳಿಟ್ಟು ತೋರಿಸಲು ಹೇಳಿ. ಇಳಿಯುವ ಹಿಂದಿನ ರಾತ್ರಿ ಮಾತ್ರ ಆ ಕಡೆ ಹೋಗಬೇಡಿ. ಮರುದಿನ ಮನೆಗೆ ಹೋಗಬೇಕಲ್ಲ ಎಂಬ ಸಂಕಟದಲ್ಲಿ ಮನುಷ್ಯ ಏನಕ್ಕೂ ರುಜು ಹಾಕುತ್ತಾನೆ.

ಕೋಟೇಶ್ವರದವನು

ನಾನು ಹಡಗಿನ ಊಟದ ಸಾಲೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು. ಎರಡು ಕಂಪನಿಯ ಹಡಗುಗಳು, ಅಲಾಸ್ಕಾ ಮಾರ್ಗದಲ್ಲೇ ನಾಲ್ಕು ಬೇಸಿಗೆ. ಈಗ ಊರಿನಲ್ಲಿ ಸ್ವಂತ ಹೋಟೆಲು ಇಟ್ಟುಕೊಂಡಿದ್ದೇನೆ. ಆ ಮೇಜು ನಮ್ಮ ಬಾಗಿಲಿನ ಎದುರಿಗೇ ಇರುತ್ತಿತ್ತು. ಅಲ್ಲಿ ಕುಳಿತವರು ನಮ್ಮ ಸ್ನೇಹಿತರೇ ಆಗಿದ್ದರು.

ಬಸವನಗುಡಿಯವರು ಹೇಳಿದ ಸಾಲನ್ನು ನಾನು ದಿನವೂ ನೋಡಿದ್ದೇನೆ. ಯಾನದ ಕೊನೆಯ ಸಮುದ್ರದ ದಿನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಿಮಗೆ ಆ ದಿನ ಶನಿವಾರ, ವಿಕ್ಟೋರಿಯಾ ತಲುಪುವವರೆಗೆ ಎಲ್ಲರೂ ಹಡಗಿನಲ್ಲೇ ಇರುತ್ತಾರೆ. ಆ ದಿನ ಹೋದರೆ ಹತ್ತು ನಿಮಿಷದ ಮಾತು ಸಿಗುತ್ತದೆ, ಹಿಂದಿನವರು ಗಡಿಯಾರ ನೋಡುತ್ತಿರುತ್ತಾರೆ. ಬಂದರಿನ ದಿನ ಜನ ದಡಕ್ಕೆ ಇಳಿದಿರುತ್ತಾರೆ. ಮಧ್ಯಾಹ್ನದ ಮೇಲೆ ಮೇಜು ತೆರೆಯುವ ಹೊತ್ತನ್ನು ಮೊದಲೇ ಕೇಳಿಕೊಂಡು, ಕೆಚಿಕನ್ ದಿನ ಬೇಗ ಹಡಗಿಗೆ ಮರಳಿ. ಅಲ್ಲಿ ಹಡಗು ಬೆಳಿಗ್ಗೆ ಬೇಗ ನಿಂತು ಮಧ್ಯಾಹ್ನಕ್ಕೇ ಹೊರಡುವುದು ಈ ಮಾರ್ಗದಲ್ಲಿ ವಾಡಿಕೆ. ಅವರು ಅರ್ಧ ಗಂಟೆ ಕೂರಿಸಿಕೊಂಡು ಮಾತನಾಡುತ್ತಾರೆ.

ಆ ಮೇಜಿನವರಿಗೆ ಮಾರಾಟದ ಮೇಲೆ ಸಂಪಾದನೆ ಇರುತ್ತದೆ. ಅವರು ಮೋಸಗಾರರು ಎಂದು ನಾನು ಹೇಳುವುದಿಲ್ಲ, ಹೇಳಿದರೆ ನನ್ನ ಹನ್ನೊಂದು ವರ್ಷಕ್ಕೇ ಅವಮಾನ. ಕೇಳಿದ ಪ್ರಶ್ನೆಗೆ ನಿಜವನ್ನೇ ಹೇಳುತ್ತಾರೆ. ಕೇಳದ ಪ್ರಶ್ನೆಗೆ ಉತ್ತರ ಬರುವುದಿಲ್ಲ, ಅಷ್ಟೇ. ಹಾಗಾಗಿ ಪ್ರಶ್ನೆ ಬರೆದುಕೊಂಡು ಹೋಗಿ. ಅವಧಿ ಮುಗಿಯುವ ದಿನದೊಳಗೆ ಕಾದಿರಿಸಿದರೆ ಸಾಕೇ, ಅಥವಾ ಹಡಗು ಹತ್ತಿಯೇ ಇರಬೇಕೇ? ಅವಧಿ ಮುಗಿದರೆ ಹಣ ತಾನಾಗಿ ವಾಪಸ್ ಬರುತ್ತದೆಯೇ? ಒಬ್ಬರು ಹೋಗಲಾಗದಿದ್ದರೆ ಇನ್ನೊಬ್ಬರು ಆ ಮುಂಗಡವನ್ನು ಬಳಸಬಹುದೇ? ಊರಿನ ಏಜೆಂಟ್ ಹೆಸರಿಗೆ ವರ್ಗ ಮಾಡಬಹುದೇ, ಎಷ್ಟು ದಿನದೊಳಗೆ? ದರ ಇಳಿದರೆ ಹೊಸ ದರ ಕೊಡುತ್ತೀರಾ, ಕೊಟ್ಟರೆ ಕ್ರೆಡಿಟ್ ಉಳಿಯುತ್ತದೆಯೇ? ಈ ಕೊನೆಯದನ್ನು ಹೆಚ್ಚಿನವರು ಕೇಳುವುದಿಲ್ಲ. ದರ ಇಳಿಯಿತೆಂದು ಹಳೆಯದನ್ನು ರದ್ದು ಮಾಡಿ ಹೊಸದಾಗಿ ಕಾದಿರಿಸಿದರೆ ಹಡಗಿನಲ್ಲಿ ಸಿಕ್ಕ ಕ್ರೆಡಿಟ್ ಕೈತಪ್ಪಬಹುದು. ಅದೇ ಕಾದಿರಿಸುವಿಕೆಯಲ್ಲೇ ದರ ತಿದ್ದಿಸುವುದು ಬೇರೆ ಸಂಗತಿ.

ಇನ್ನೊಂದು. ಹಡಗಿನಲ್ಲೇ ಇದ್ದೀರಿ, ಕ್ಯಾಬಿನ್‌ಗಳನ್ನು ಕಣ್ಣಾರೆ ನೋಡಿ. ಮಂಡಿ ನೋವಿನವರಿಗೆ ಲಿಫ್ಟಿನ ಹತ್ತಿರದ್ದು ಬೇಕು, ಆದರೆ ಲಿಫ್ಟಿನ ಎದುರಿಗೇ ಬೇಡ, ರಾತ್ರಿಯೆಲ್ಲಾ ಮಾತು ಕೇಳಿಸುತ್ತದೆ. ಈಜುಕೊಳದ ಮಹಡಿಯ ನೇರ ಕೆಳಗಿನದು ಬೇಡ, ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು. ಹಡಗಿನ ಮಧ್ಯಭಾಗ, ಕೆಳಗಿನ ಮಹಡಿ ಆದರೆ ತೂಗಾಟ ಕಡಿಮೆ. ಕ್ಯಾಬಿನ್ ಚೊಕ್ಕಟ ಮಾಡುವವರು ಬಾಗಿಲು ತೆರೆದಿಟ್ಟಿರುವಾಗ ವಿನಯದಿಂದ ಕೇಳಿದರೆ ಒಂದು ನಿಮಿಷ ತೋರಿಸಬಹುದು. ಮೂಡಬಿದ್ರೆ, ಉಡುಪಿ, ಗೋವಾ ಕಡೆಯ ಹುಡುಗರು ಯಾರಾದರೂ ಇದ್ದೇ ಇರುತ್ತಾರೆ. ಕನ್ನಡದಲ್ಲೋ ತುಳುವಿನಲ್ಲೋ ಒಂದು ಮಾತು ಆಡಿ ನೋಡಿ, ಅವರಿಗೂ ಮನೆಯವರನ್ನು ಕಂಡಂತಾಗುತ್ತದೆ.

ಲೆಕ್ಕಪತ್ರ

ಹಣದ ಕಡೆಯಿಂದ ಮೂರು ಮಾತು ಹೇಳುತ್ತೇನೆ.

ಮಗಳ ಅಮೆರಿಕದ ಕಾರ್ಡಿನಲ್ಲಿ ಕಟ್ಟುವಿರೋ ಭಾರತದ ಕಾರ್ಡಿನಲ್ಲೋ ಎಂಬುದು ಮೊದಲ ಪ್ರಶ್ನೆ. ಭಾರತದ ಬಹಳಷ್ಟು ಕಾರ್ಡುಗಳು ವಿದೇಶಿ ಹಣದ ವ್ಯವಹಾರಕ್ಕೆ ಶೇಕಡಾ 2ರಿಂದ 3.5ರವರೆಗೆ ಹೆಚ್ಚುವರಿ ಹಾಕುತ್ತವೆ, ಆ ಶುಲ್ಕದ ಮೇಲೆ ಮತ್ತೆ ಶೇಕಡಾ 18 ಜಿಎಸ್‌ಟಿ. ಶೇಕಡಾ 3.5 ಎಂದರೆ 200 ಡಾಲರಿಗೆ 8 ಡಾಲರ್ 26 ಸೆಂಟ್. ಮುಂಗಡಕ್ಕೆ ಇದು ಸಣ್ಣದು. ಆದರೆ ಉಳಿದ ಪೂರ್ತಿ ಹಣವನ್ನೂ ಅದೇ ಕಾರ್ಡಿನಲ್ಲಿ ಕಟ್ಟುವಾಗ ಸಣ್ಣದಲ್ಲ. ಮುಂಗಡ ವಾಪಸ್ ಬರುವಾಗ ಡಾಲರಿನ ಆ ದಿನದ ಬೆಲೆಗೆ ಬರುತ್ತದೆ, ಶುಲ್ಕ ಬರುವುದಿಲ್ಲ. ಎರಡು ವರ್ಷದಲ್ಲಿ ಕಾರ್ಡಿನ ಅವಧಿ ಮುಗಿದು ಹೊಸ ಸಂಖ್ಯೆ ಬಂದಿದ್ದರೆ ಆ ಹಣವನ್ನು ಹುಡುಕುವುದು ಇನ್ನೊಂದು ಕೆಲಸ. ಮಗಳ ಕಾರ್ಡೇ ಒಳ್ಳೆಯದು.

ಎರಡನೆಯದು, ಭಾರತದ ಏಜೆಂಟರ ಮೂಲಕ ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ ಅವರು ಟಿಸಿಎಸ್, ಅಂದರೆ ಮಾರುವಾಗಲೇ ಸಂಗ್ರಹಿಸುವ ತೆರಿಗೆ, ಹಿಡಿಯಬೇಕಾಗುತ್ತದೆ. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತಾ ಬಂದಿದೆ, ಕಟ್ಟುವ ದಿನದ ದರವನ್ನೇ ಕೇಳಿಕೊಳ್ಳಿ. ಇದು ನಷ್ಟವಲ್ಲ. ತೆರಿಗೆ ಇಲಾಖೆಯಲ್ಲಿರುವ ನಿಮ್ಮ ಲೆಕ್ಕದಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಪಿಂಚಣಿದಾರರು ಎಷ್ಟೋ ಜನ ತೆರಿಗೆ ಬರುವುದಿಲ್ಲವೆಂದು ರಿಟರ್ನ್ ಹಾಕುವುದಿಲ್ಲ, ಆ ಹಣ ಹಾಗೆಯೇ ಉಳಿದುಬಿಡುತ್ತದೆ.

ಮೂರನೆಯದನ್ನು ಇಲ್ಲಿ ಯಾರೂ ಹೇಳಲಿಲ್ಲ. ಮುಂಗಡ ಎಂದರೆ ಕಂಪನಿಗೆ ನೀವು ಬಡ್ಡಿಯಿಲ್ಲದೆ ಕೊಟ್ಟ ಸಾಲ. ಮುಂಬೈಯಿಂದ 2019ರಲ್ಲಿ ಕರ್ಣಿಕಾ ಹಡಗನ್ನು ಓಡಿಸಲು ಆರಂಭಿಸಿದ ಜಲೇಶ್ ಕ್ರೂಸಸ್ ಮರು ವರ್ಷವೇ ಮುಚ್ಚಿತು. ಆ ಹಡಗು ಅಲಂಗ್‌ನಲ್ಲಿ ಗುಜರಿಗೆ ಹೋಯಿತು. 2022ರ ಜನವರಿಯಲ್ಲಿ ಗೆಂಟಿಂಗ್ ಹಾಂಗ್‌ಕಾಂಗ್ ಎಂಬ ಕಂಪನಿ ಕುಸಿಯಿತು, ಅದರ ಜೊತೆ ಅದರ ಹಡಗು ಸಂಸ್ಥೆಗಳಾದ ಡ್ರೀಮ್ ಕ್ರೂಸಸ್, ಕ್ರಿಸ್ಟಲ್ ಎರಡೂ ನಿಂತವು. ಹಾಗಾಗಿ 100 ಡಾಲರ್ ಕಟ್ಟಿ, ಬೇಡ ಎನ್ನುವುದಿಲ್ಲ. ಆದರೆ ಹೆಚ್ಚು ಕ್ರೆಡಿಟ್ ಕೊಡುತ್ತೇವೆ ಎಂಬ ಆಸೆಗೆ ನಾಲ್ಕೈದು ಮುಂಗಡ ಕೊಂಡು ಕೂಡಿಡಬೇಡಿ.

ಸ್ಯಾನ್ ಹೋಸೆ ಕನ್ನಡಿಗ

ಲೆಕ್ಕಪತ್ರದವರ ಮೂರನೇ ಮಾತನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. 2020ರ ಮಾರ್ಚ್ 14ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೋವಿಡ್ ಕಾರಣಕ್ಕೆ ಹಡಗುಗಳನ್ನು ನಿಲ್ಲಿಸಿದಾಗ ನಮ್ಮ ಎರಡು ಯಾನಗಳ ಹಣ ಅಲ್ಲಿತ್ತು. ಒಂದು ಕಂಪನಿ ಪೂರ್ತಿ ಹಣ ವಾಪಸ್ ಕೊಟ್ಟಿತು, ತಡವಾಗಿ. ಇನ್ನೊಂದು ಶೇಕಡಾ 125ರಷ್ಟು ಮುಂದಿನ ಯಾನದ ಕ್ರೆಡಿಟ್ ಕೊಟ್ಟಿತು, ಅದನ್ನು 2022ರಲ್ಲಿ ಬಳಸಿದೆವು. ದೊಡ್ಡ ಕಂಪನಿಗಳು ಆ ಕಷ್ಟವನ್ನೂ ದಾಟಿದವು. ಬಸವನಗುಡಿಯವರ ಬರಹ ಓದಿದ ಮೇಲೆ ‘ಕಣ್ಣು ಮುಚ್ಚಿ’ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅವರ ಮನೆಯವರು ಈಗ ಚೆನ್ನಾಗಿದ್ದಾರೆ ಎಂದು ಭಾವಿಸುತ್ತೇನೆ.

ಬಸವನಗುಡಿ ಪ್ರವಾಸಿ

ಚೆನ್ನಾಗಿದ್ದಾರೆ. ಕೇಳಿದ್ದಕ್ಕೆ ಧನ್ಯವಾದ.

ಕುವೆಂಪುನಗರದ ಅಜ್ಜಿ (ಬುಧವಾರ ರಾತ್ರಿ)

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆದಿದ್ದೀರಿ. ಒಂದೊಂದನ್ನೂ ಯಜಮಾನರಿಗೆ ಓದಿ ಹೇಳಿದೆ. ಕೋಟೇಶ್ವರದವರ ಪ್ರಶ್ನೆಗಳನ್ನು ಅವರೇ ಡೈರಿಯಲ್ಲಿ ಬರೆದುಕೊಂಡರು. ನಲವತ್ತು ವರ್ಷ ವಿಮಾ ಕಚೇರಿಯಲ್ಲಿ ಇದ್ದವರು, ಪ್ರಶ್ನೆ ಎಂದರೆ ಅವರಿಗೆ ಹುರುಪು.

ಇಂದು ಗ್ಲೇಷಿಯರ್ ಬೇ. ಬೆಳಿಗ್ಗೆ ಸಣ್ಣ ದೋಣಿಯಲ್ಲಿ ರಾಷ್ಟ್ರೀಯ ಉದ್ಯಾನದ ರೇಂಜರುಗಳು ಬಂದು ಹಗ್ಗದ ಏಣಿಯಲ್ಲಿ ನಮ್ಮ ಹಡಗು ಹತ್ತಿದರು. ಮೊಮ್ಮಗ ಅದನ್ನೇ ಹತ್ತು ಸಲ ಹೇಳಿದ. ದಿನಕ್ಕೆ ಎರಡು ದೊಡ್ಡ ಪ್ರವಾಸಿ ಹಡಗುಗಳಿಗೆ ಮಾತ್ರ ಒಳಗೆ ಬಿಡುತ್ತಾರಂತೆ. ಮಾರ್ಜರಿ ಹಿಮನದಿಯ ಮುಂದೆ ಹಡಗು ಎಷ್ಟೋ ಹೊತ್ತು ನಿಂತಿತು. ನೀಲಿ ಎಂದರೆ ಎಂಥ ನೀಲಿ, ನಮ್ಮ ಅಮ್ಮ ಬಟ್ಟೆಗೆ ಅದ್ದುತ್ತಿದ್ದ ನೀಲಿಯ ನೆನಪಾಯಿತು. ಗುಡುಗಿದ ಹಾಗೆ ಸದ್ದಾಗಿ ಒಂದು ತುಂಡು ನೀರಿಗೆ ಬಿತ್ತು. ಯಜಮಾನರು ರೇಂಜರನ್ನು ಹುಡುಕಿಕೊಂಡು ಹೋಗಿ ಮಾತನಾಡಿದರು. 1794ರಲ್ಲಿ ಇಂಗ್ಲಿಷ್ ನಾವಿಕ ವ್ಯಾಂಕೂವರನ ತಂಡ ಬಂದಾಗ ಈ ಕೊಲ್ಲಿ ಬರೀ ಒಂದು ಸಣ್ಣ ತಗ್ಗು, ಉಳಿದದ್ದೆಲ್ಲ ಹಿಮ, ಆಮೇಲೆ ಅದು 65 ಮೈಲಿ ಹಿಂದೆ ಸರಿಯಿತು ಎಂದು ತಿಳಿದುಕೊಂಡು ಬಂದರು. ಆಮೇಲೆ ಕಂಬಳಿ ಹೊದ್ದು ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದರು. ಕಾಫಿ ತಂದುಕೊಟ್ಟಾಗ, “ನಾರ್ವೆಯಲ್ಲೂ ಹೀಗೇ ಇರುತ್ತದೆಯೇ” ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ನಾರ್ವೆಗೆ ಹೋಗಿ ಬಂದವರು ಯಾರಾದರೂ ಇದ್ದೀರಾ? ನಮ್ಮದು ಭಾರತದ ಪಾಸ್‌ಪೋರ್ಟ್. ಈ ಸಲ ಅಮೆರಿಕದ ವೀಸಾ ಇದ್ದರೂ ವಿಕ್ಟೋರಿಯಾಕ್ಕಾಗಿ ಕೆನಡಾ ವೀಸಾ ಮಾಡಿಸಬೇಕಾಯಿತು. ಮಗಳಿಗೆ ಗ್ರೀನ್ ಕಾರ್ಡ್ ಇರುವುದರಿಂದ ಬೇಕಾಗಲಿಲ್ಲ. ನಾರ್ವೆಗೆ ಇನ್ನೇನು ತೊಡಕೋ ಎಂಬ ಭಯ ಇದೆ.

ಎಡಿಸನ್ ಸೊಸೆ

ಆಂಟಿ, ಅತ್ತೆ ಮಾವನನ್ನು ಕರೆದುಕೊಂಡು ಎರಡು ವರ್ಷದ ಹಿಂದೆ ನಾರ್ವೆ ಯಾನಕ್ಕೆ ಹೋಗಿದ್ದೆವು. ಹಿಮನದಿ ಹಡಗಿನ ಎದುರಿಗೇ ಬಂದು ನಿಲ್ಲುವ ನೋಟ ಅಲ್ಲಿನ ಸಾಮಾನ್ಯ ಮಾರ್ಗಗಳಲ್ಲಿ ಸಿಗುವುದಿಲ್ಲ. ಅಲ್ಲಿ ಎರಡು ಕಡೆಯೂ ಗೋಡೆಯಂತೆ ನಿಂತ ಬೆಟ್ಟ, ಅದರ ಮೇಲಿಂದ ಬೀಳುವ ಜಲಪಾತ, ಕೆಳಗೆ ನೀರಿನ ಅಂಚಿನಲ್ಲಿ ನಾಲ್ಕು ಮನೆ. ಮಳೆಗಾಲದಲ್ಲಿ ಜೋಗದ ಹತ್ತಿರದ ಕಣಿವೆಗೆ ಕಡಲು ನುಗ್ಗಿದ್ದರೆ ಹೇಗಿರುತ್ತಿತ್ತು ಎಂದು ಮಾವ ಹೇಳುತ್ತಿದ್ದರು. ಮಂಡಿ ನೋವಿದ್ದರೂ ಚಿಂತೆಯಿಲ್ಲ, ಅರ್ಧ ಸೌಂದರ್ಯ ಹಡಗಿನ ಮೇಲಿಂದಲೇ ಕಾಣುತ್ತದೆ.

ವೀಸಾ ವಿಷಯವನ್ನು ಗಮನವಿಟ್ಟು ಓದಿ, ಮುಂಗಡದ ತೀರ್ಮಾನಕ್ಕೆ ಅದೇ ಕೀಲಿ. ನಾರ್ವೆಗೂ ಯುರೋಪಿನ ಬಹಳಷ್ಟು ದೇಶಗಳಿಗೂ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲು ಅರ್ಜಿ ಹಾಕಬಹುದು, ಅದಕ್ಕಿಂತ ಮುಂಚೆ ಆಗುವುದಿಲ್ಲ. ಹಡಗಿನ ಪೂರ್ತಿ ಹಣವನ್ನು ಹೆಚ್ಚಿನ ಕಂಪನಿಗಳಲ್ಲಿ ಮೂರು ತಿಂಗಳ ಆಸುಪಾಸಿನಲ್ಲಿ ಕಟ್ಟಬೇಕು, ಆ ದಿನ ದಾಟಿದ ಮೇಲೆ ರದ್ದು ಮಾಡಿದರೆ ದಂಡ. ಅಂದರೆ ಆರನೇ ತಿಂಗಳಿನಿಂದ ಮೂರನೇ ತಿಂಗಳೊಳಗೆ ವೀಸಾ ಕೈಗೆ ಬಂದರೆ ನೆಮ್ಮದಿ. ಬಾರದಿದ್ದರೆ ಪೂರ್ತಿ ಹಣ ಕಟ್ಟುವ ಮೊದಲೇ ರದ್ದು ಮಾಡಬಹುದು, ಮುಂಗಡ ಹಿಂದಿರುಗುವ ಬಗೆಯದಾದರೆ ಅದೂ ಉಳಿಯುತ್ತದೆ.

ಆದರೆ ಹಡಗು ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಹೊರಡುವುದಾದರೆ ಬ್ರಿಟನ್ ವೀಸಾ ಕೂಡ ಬೇಕು, ಅದಕ್ಕೆ ಮೂರು ತಿಂಗಳ ಮೊದಲು ಮಾತ್ರ ಅರ್ಜಿ ಹಾಕಲು ಸಾಧ್ಯ. ಲೆಕ್ಕ ಹಾಕಿ ನೋಡಿ: ಪೂರ್ತಿ ಹಣ ಕಟ್ಟಿದ ಮೇಲೆ ವೀಸಾ ಅರ್ಜಿ! ನಮಗೆ ಹಾಗೆಯೇ ಆಯಿತು. ವೀಸಾ ಬರುವವರೆಗೆ ನನ್ನ ನಿದ್ದೆ ಕೆಟ್ಟಿತ್ತು. ಆಂಸ್ಟರ್‌ಡ್ಯಾಮ್, ಕೋಪನ್‌ಹೇಗನ್, ಹ್ಯಾಂಬರ್ಗ್ ಅಥವಾ ಕೀಲ್‌ನಿಂದ ಹೊರಡುವ ಹಡಗನ್ನು ಆರಿಸಿ, ನಡುವೆ ಬ್ರಿಟನ್ನಿನ ಬಂದರು ಇಲ್ಲದಿರುವುದನ್ನು ನೋಡಿಕೊಳ್ಳಿ. ಷೆಂಗೆನ್ ಒಂದೇ ಸಾಕು. ಇದನ್ನೆಲ್ಲ ನಾಳೆಯೋ ನಾಡಿದ್ದೋ ಮೇಜಿನ ಮುಂದೆ ಕುಳಿತು ಆರಿಸಲು ಆಗುವುದಿಲ್ಲ. ಆದ್ದರಿಂದ ದಿನಾಂಕ ನಿಗದಿ ಮಾಡಬೇಡಿ. ಮುಕ್ತ ಮುಂಗಡ ಮಾತ್ರ.

ಟಿಕೆಟ್ ಮಾಡುವವನು

ನಾನು ಬೆಂಗಳೂರಿನಲ್ಲಿ ಹದಿನೆಂಟು ವರ್ಷದಿಂದ ಪ್ರವಾಸದ ಏಜೆಂಟ್. ನನ್ನ ಮಾತಿನಲ್ಲಿ ನನ್ನ ಹೊಟ್ಟೆಪಾಡೂ ಇದೆ ಎಂಬುದನ್ನು ಮೊದಲೇ ಹೇಳಿ ಮುಂದುವರಿಯುತ್ತೇನೆ.

ಎಡಿಸನ್‌ನವರ ವೀಸಾ ಲೆಕ್ಕ ಸರಿಯಾಗಿದೆ. ಅದಕ್ಕೆ ಸೇರಿಸಬೇಕಾದ್ದು ಒಂದು. ಗೈರಾಂಗರ್, ನೇರೋಯ್ ಎಂಬ ಎರಡು ಫ್ಯೋರ್ಡುಗಳು, ಅಂದರೆ ಬೆಟ್ಟಗಳ ನಡುವೆ ನುಗ್ಗಿದ ಕಡಲ ತೋಳುಗಳು, ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಅವುಗಳೊಳಗೆ ಹೊಗೆ ಉಗುಳದ ಹಡಗುಗಳು ಮಾತ್ರ ಹೋಗಬೇಕು ಎಂದು ನಾರ್ವೆ ನಿಯಮ ಮಾಡಿದೆ. 10,000 ಟನ್‌ಗಿಂತ ಚಿಕ್ಕವಕ್ಕೆ 2026ರಿಂದ, ದೊಡ್ಡವಕ್ಕೆ 2032ರಿಂದ. ಅಂದರೆ ದೊಡ್ಡ ಹಡಗಿನಲ್ಲಿ ಗೈರಾಂಗರ್ ನೋಡಲು ಇನ್ನೂ ಕೆಲವು ಬೇಸಿಗೆ ಇದೆ, ಎರಡು ವರ್ಷ ತಡವಾದರೆ ಮುಳುಗಿಹೋಗುವುದು ಏನೂ ಇಲ್ಲ. ಫ್ಯೋರ್ಡ್ ಎಂದು ಜಾಹೀರಾತಿನಲ್ಲಿ ಬರೆದ ಮಾತ್ರಕ್ಕೆ ಗೈರಾಂಗರ್ ಇರಬೇಕೆಂದಿಲ್ಲ. ಬಂದರುಗಳ ಹೆಸರು ಓದಿಯೇ ಆರಿಸಿ.

ಹಡಗಿನಲ್ಲಿ ಕಾದಿರಿಸುವಾಗ ‘ನಿಮಗೆ ಏಜೆಂಟ್ ಇದ್ದಾರೆಯೇ’ ಎಂದು ಕೇಳುತ್ತಾರೆ. ಇದ್ದರೆ ಹೇಳಿ. ಹಡಗಿನ ಕ್ರೆಡಿಟ್ ಹಾಗೆಯೇ ಉಳಿಯುತ್ತದೆ, ಕೆಲಸ ನಿಮ್ಮ ಊರಿನವರ ಕೈಗೆ ಬರುತ್ತದೆ. ಇಲ್ಲ ಎಂದರೆ ಮುಂದೆ ಪ್ರತಿ ತಿದ್ದುಪಡಿಗೂ ನೀವೇ ರಾತ್ರಿ ಎದ್ದು ಅಮೆರಿಕಕ್ಕೆ ಫೋನ್ ಹಚ್ಚಬೇಕು. ವರ್ಗ ಮಾಡಿಸಲು ಗಡುವು ಇರುತ್ತದೆ.

ಸ್ಯಾನ್ ಹೋಸೆ ಕನ್ನಡಿಗ

ಏಜೆಂಟ್ ಬೇಕೇ ಬೇಕು ಎಂದು ನಾನು ಹೇಳಲಾರೆ. ನಾವು ಎಲ್ಲವನ್ನೂ ನಾವೇ ಮಾಡಿಕೊಳ್ಳುತ್ತೇವೆ. ವಾರಕ್ಕೊಮ್ಮೆ ದರ ನೋಡುತ್ತೇನೆ, ಪೂರ್ತಿ ಹಣ ಕಟ್ಟುವ ದಿನಕ್ಕೆ ಮುಂಚೆ ಇಳಿದರೆ ಬರೆದು ಕೇಳುತ್ತೇನೆ. ಕಳೆದ ಸಲ ಕೆರಿಬಿಯನ್ ಯಾನದಲ್ಲಿ ಹೀಗೆ 340 ಡಾಲರ್ ಉಳಿಯಿತು.

ಟಿಕೆಟ್ ಮಾಡುವವನು

ಸರ್, ನೀವು ವಾರಕ್ಕೊಮ್ಮೆ ನೋಡುತ್ತೀರಿ, ಹಾಗೆ ಮಾಡುವವರಿಗೆ ನಾನು ಬೇಡ. ಮೈಸೂರಿನಲ್ಲಿರುವ 71 ವರ್ಷದ ಹಿರಿಯರು ನೋಡಬೇಕೆಂದು ನಾನು ನಿರೀಕ್ಷಿಸುವುದಿಲ್ಲ. ಅವರಿಗೆ ವಿಮೆಯ ಪ್ರಶ್ನೆ ಬೇರೆ ಇದೆ. ಎಪ್ಪತ್ತು ದಾಟಿದವರ ಪ್ರಯಾಣ ವಿಮೆಯ ಕಂತು ಏರುತ್ತದೆ, ಮೊದಲೇ ಇದ್ದ ಕಾಯಿಲೆಗೆ ಷರತ್ತು ಇರುತ್ತದೆ. ಹಡಗಿನ ಆಸ್ಪತ್ರೆಯ ಖರ್ಚು, ಹಡಗಿನಿಂದ ದಡಕ್ಕೆ ಸಾಗಿಸುವ ಖರ್ಚು ಸೇರಿದೆಯೇ ಎಂದು ಪಾಲಿಸಿಯಲ್ಲಿ ಓದಿಯೇ ಕೊಳ್ಳಬೇಕು. ಮುಂಗಡ ಕಟ್ಟುವುದಕ್ಕಿಂತ ಈ ಕೆಲಸ ದೊಡ್ಡದು.

ಪಣಂಬೂರಿನವಳು

ಬಹಳ ದಿನದಿಂದ ಇಲ್ಲಿ ಓದುತ್ತೇನೆ, ಬರೆಯುವುದು ಕಡಿಮೆ. ಅಜ್ಜಿ, ನಿಮ್ಮ ಯಜಮಾನರ ಮಾತು ಓದಿದಾಗ ನಮ್ಮ ಅಪ್ಪ ಎದುರಿಗೆ ಬಂದು ನಿಂತ ಹಾಗಾಯಿತು.

ಅಪ್ಪ ನವಮಂಗಳೂರು ಬಂದರಿನಲ್ಲಿ ಕೆಲಸ ಮಾಡಿದವರು. ಚಳಿಗಾಲದಲ್ಲಿ ವಿದೇಶಿ ಪ್ರವಾಸಿ ಹಡಗು ಬಂದ ದಿನ ಮನೆಗೆ ಬಂದು ಅದರ ಮಹಡಿ ಎಷ್ಟು, ಧ್ವಜ ಯಾವ ದೇಶದ್ದು ಎಂದು ಹೇಳುತ್ತಿದ್ದರು. ಆ ಪ್ರಯಾಣಿಕರು ಬಸ್ಸು ಹತ್ತಿ ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ ನೋಡಿಕೊಂಡು ಸಂಜೆಗೆ ಮರಳುವುದನ್ನು ಮೂವತ್ತು ವರ್ಷ ನೋಡಿದರು. ತಾವು ಒಂದು ಸಲವೂ ಹತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಅಣ್ಣ ಅಪ್ಪ ಅಮ್ಮನನ್ನು ಸಿಂಗಪುರದಿಂದ ನಾಲ್ಕು ರಾತ್ರಿಯ ಯಾನಕ್ಕೆ ಕಳುಹಿಸಿದ. ಅಪ್ಪ ಯಾರನ್ನೂ ಕೇಳದೆ ಅಲ್ಲಿಯೇ ಇನ್ನೊಂದು ಯಾನಕ್ಕೆ ಮುಂಗಡ ಕಟ್ಟಿ ಬಂದರು. ಅಮ್ಮನಿಗೆ ಸಿಟ್ಟು ಬಂದಿತ್ತು. ಆ ಕಾಗದವನ್ನು ಅಪ್ಪ ದೇವರ ಕೋಣೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟರು. ಆಗಾಗ ತೆಗೆದು ನೋಡುತ್ತಿದ್ದರು. ಅಟ್ಲಾಸ್ ಕೊಂಡು ತಂದರು. ದಿನವೂ ಬೆಳಿಗ್ಗೆ ತಣ್ಣೀರುಬಾವಿ ಕಡೆಗೆ ನಡೆಯಲು ಶುರು ಮಾಡಿದರು, ಹಡಗಿನಲ್ಲಿ ನಡೆಯಬೇಕಲ್ಲ ಎನ್ನುತ್ತಿದ್ದರು.

ಅವರು ಹೋಗಲಿಲ್ಲ. ಹನ್ನೊಂದನೇ ತಿಂಗಳಿಗೆ ತೀರಿಕೊಂಡರು. ಅಣ್ಣ ಮರಣ ಪತ್ರ ಕಳುಹಿಸಿದ, ಎರಡು ವಾರದಲ್ಲಿ ಇಬ್ಬರ ಮುಂಗಡವೂ ಕಾರ್ಡಿಗೆ ವಾಪಸ್ ಬಂತು. ಅದು ಹಿಂದಿರುಗಿಸುವ ಬಗೆಯದಾಗಿತ್ತು, ಅಪ್ಪ ಕೇಳಿಯೇ ಕಟ್ಟಿದ್ದರು.

ಬಸವನಗುಡಿಯವರ ನೋವು ನಿಜ, ಲೆಕ್ಕಪತ್ರದವರ ಲೆಕ್ಕವೂ ನಿಜ. ಆದರೆ ಆ ಹನ್ನೊಂದು ತಿಂಗಳು ಅಪ್ಪ ಹೇಗಿದ್ದರು ಎಂಬುದನ್ನು ನಾನು ನೋಡಿದ್ದೇನೆ. ಅಮ್ಮನೂ ಈಗ ಅದನ್ನೇ ಹೇಳುತ್ತಾಳೆ.

ಬಸವನಗುಡಿ ಪ್ರವಾಸಿ

ಓದಿದೆ ತಂಗಿ. ಎರಡು ಸಲ ಓದಿದೆ.

ಲೆಕ್ಕಪತ್ರ

ಬಡ್ಡಿಯಿಲ್ಲದ ಸಾಲ ಎಂದು ನಾನು ಬರೆದಿದ್ದೆ. ನಿಮ್ಮ ತಂದೆಯವರಿಗೆ ಬಡ್ಡಿ ಬಂದಿದೆ.

ಕೋಟೇಶ್ವರದವನು

ಅಜ್ಜಿ, ಇಂದು ಕೆಚಿಕನ್ ದಿನ ಅಲ್ಲವೇ. ಮಳೆ ಇದ್ದೀತು, ಅಲ್ಲಿ ಮಳೆ ಇಲ್ಲದ ದಿನ ನಾನು ಬಹಳ ಕಡಿಮೆ ಕಂಡಿದ್ದೇನೆ. ಕ್ರೀಕ್ ಸ್ಟ್ರೀಟ್‌ನ ಮರದ ಹಾದಿ ಜಾರುತ್ತದೆ, ಯಜಮಾನರ ಕೈ ಹಿಡಿದುಕೊಳ್ಳಿ. ಹೊಳೆಯಲ್ಲಿ ಸಾಲ್ಮನ್ ಮೀನು ಮೇಲಕ್ಕೆ ಹಾರುವುದನ್ನು ಮೊಮ್ಮಗನಿಗೆ ತೋರಿಸಿ. ಮೇಜಿನ ಕೆಲಸ ಆಯಿತೇ ತಿಳಿಸಿ.

ಕುವೆಂಪುನಗರದ ಅಜ್ಜಿ (ಭಾನುವಾರ, ಮಗಳ ಮನೆಯಿಂದ)

ಇಳಿದು ಮನೆಗೆ ಬಂದೆವು. ಸಾರು ಅನ್ನ ಉಂಡು ಈಗ ಬರೆಯಲು ಕುಳಿತಿದ್ದೇನೆ.

ಪಣಂಬೂರಿನವರು ಬರೆದದ್ದನ್ನು ಗುರುವಾರ ರಾತ್ರಿ ಯಜಮಾನರಿಗೆ ಓದಿ ಹೇಳಲು ಹೊರಟೆ, ಮಧ್ಯದಲ್ಲಿ ನನ್ನಿಂದ ಆಗಲಿಲ್ಲ. ಮೊಬೈಲ್ ಅವರ ಕೈಗೇ ಕೊಟ್ಟೆ. ಓದಿ ಹಿಂದಕ್ಕೆ ಕೊಟ್ಟರು, ಏನೂ ಹೇಳಲಿಲ್ಲ. ಶುಕ್ರವಾರ ಕೆಚಿಕನ್‌ನಲ್ಲಿ ಮಳೆ ಇತ್ತು, ಮೀನು ನೋಡಿಕೊಂಡು ಬೇಗ ಮರಳಿದೆವು. ನಾನು ಸ್ವಲ್ಪ ಮಲಗಿದೆ. ಎದ್ದಾಗ ಅವರು ಇರಲಿಲ್ಲ. ಹೋಗಿ ನೋಡಿದರೆ ಆ ಮೇಜಿನ ಮುಂದೆ ಡೈರಿ ತೆರೆದು ಕುಳಿತಿದ್ದಾರೆ, ಎದುರಿಗಿದ್ದ ಹುಡುಗಿ ಒಂದೊಂದು ಪ್ರಶ್ನೆಗೂ ಕಾಗದದಲ್ಲಿ ಆ ಸಾಲಿನ ಕೆಳಗೆ ಗೆರೆ ಎಳೆದು ತೋರಿಸುತ್ತಿದ್ದಾಳೆ. ಮುಕ್ಕಾಲು ಗಂಟೆ ಆಯಿತು. ಮುಂಗಡ ಹಿಂದಿರುಗುತ್ತದೆ. ಎರಡು ವರ್ಷದೊಳಗೆ ಕಾದಿರಿಸಿದರೆ ಸಾಕು, ಯಾನ ಆಮೇಲೆ ಇದ್ದರೂ ನಡೆಯುತ್ತದೆ. ಬಳಸದಿದ್ದರೆ ಅವಧಿಯ ಕೊನೆಗೆ ತಾನಾಗಿ ವಾಪಸ್ ಬರುತ್ತದೆ. ಬೇರೆಯವರಿಗೆ ವರ್ಗ ಮಾಡುವಂತಿಲ್ಲ. ಇಷ್ಟನ್ನೂ ಬರೆಸಿಕೊಂಡು ಇಬ್ಬರಿಗೂ ತಲಾ 100 ಡಾಲರ್ ಮಗಳ ಕಾರ್ಡಿನಲ್ಲಿ ಕಟ್ಟಿದರು. ದಿನಾಂಕ ನಿಗದಿ ಮಾಡಲಿಲ್ಲ. ಕೋಪನ್‌ಹೇಗನ್‌ನಿಂದ ಹೊರಟು ಗೈರಾಂಗರ್‌ಗೆ ಹೋಗುವ ಹಡಗುಗಳ ಪಟ್ಟಿಯನ್ನು ಮುದ್ರಿಸಿಕೊಡಿ ಎಂದು ಕೇಳಿ ತೆಗೆದುಕೊಂಡು ಬಂದಿದ್ದಾರೆ.

ಕ್ಯಾಬಿನ್ ಕೂಡ ನೋಡಿದೆವು. ನಮ್ಮ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ಕಾರ್ಕಳದವನು. ಲಿಫ್ಟಿನಿಂದ ನಾಲ್ಕನೆಯ ಬಾಗಿಲು ಸರಿ ಎಂದು ಯಜಮಾನರು ಹೆಜ್ಜೆ ಎಣಿಸಿ ಬರೆದುಕೊಂಡರು. ಊರಿಗೆ ಹೋದ ಕೂಡಲೇ ಮಂಡಿಯನ್ನು ಮೂಳೆ ವೈದ್ಯರಿಗೆ ತೋರಿಸೋಣ ಎಂದು ಅವರೇ ಹೇಳಿದ್ದಾರೆ. ಎರಡು ವರ್ಷದಿಂದ ನಾನು ಹೇಳುತ್ತಿದ್ದೆ.

ಏಜೆಂಟ್ ಹೆಸರು ಕೇಳಿದಾಗ ನಮಗೆ ಯಾರೂ ಇಲ್ಲ ಎಂದು ಬಿಟ್ಟಿದ್ದಾರೆ. ಟಿಕೆಟ್ ಮಾಡುವವರೇ, ಈಗಲೂ ವರ್ಗ ಮಾಡಬಹುದೇ?

ಟಿಕೆಟ್ ಮಾಡುವವನು

ಮಾಡಬಹುದು ಅಮ್ಮ. ಮುಕ್ತ ಮುಂಗಡವಾದ್ದರಿಂದ ಯಾನ ಕಾದಿರಿಸುವಾಗಲೇ ಏಜೆಂಟರ ಮೂಲಕ ಬಳಸಬಹುದೇ, ಅಥವಾ ಈಗಲೇ ವರ್ಗ ಮಾಡಿಸಬೇಕೇ ಎಂಬುದು ಆ ಕಾಗದದ ಷರತ್ತಿನಲ್ಲಿ ಇರುತ್ತದೆ. ಸಂಖ್ಯೆಯನ್ನು ಇಲ್ಲಿ ಎಲ್ಲರ ಮುಂದೆ ಹಾಕಬೇಡಿ, ಖಾಸಗಿ ಸಂದೇಶದಲ್ಲಿ ಎರಡು ಪುಟಗಳ ಚಿತ್ರ ಕಳುಹಿಸಿ. ಅವಧಿ ಮುಗಿಯುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.

ಕುವೆಂಪುನಗರದ ಅಜ್ಜಿ

ಕಳುಹಿಸಿದ್ದೇನೆ. ಮಗಳ ಮನೆಯಲ್ಲಿ ಕನ್ನಡ ಕ್ಯಾಲೆಂಡರ್ ಇಲ್ಲ. ಅವರು ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾರೆ.